ಕೈಗೊಂದು ಕಣ್ಣು, ಕಬ್ಬಿಣಕ್ಕೊಂದು ಕಣ್ಣು

ಗಿರಣಿಯ ಯಂತ್ರಕ್ಕೆ ಬೇಲಿ ಹಾಕಬೇಕೆಂದು ಬ್ರಿಟನ್ನಿನ ಕಾನೂನು ಹೇಳಿದ್ದು 1844ರಲ್ಲಿ. ತಿರುಗುವ ದಂಡಗಳಿಗೆ ಹೆಂಗಸರ, ಮಕ್ಕಳ ಬಟ್ಟೆ ಸಿಕ್ಕಿಕೊಳ್ಳುತ್ತಿದ್ದ ಕಾಲ ಅದು. ಭಾರತದಲ್ಲಿ 1881ರ ಕಾಯ್ದೆ ಅದೇ ಮಾತು ಹೇಳಿತು. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಅದನ್ನು ವಿವರವಾಗಿ ಬರೆಯಿತು. ಆದರೆ ಹೊಲದ ಬೇಲಿಗಿರುವ ಸುಖ ಕಾರ್ಖಾನೆಯ ಬೇಲಿಗಿಲ್ಲ. ಹೊಲದಲ್ಲಿ ದನ ಹೊರಗಿದ್ದರೆ ಸಾಕು. ಪವರ್ ಪ್ರೆಸ್ಸಿನಲ್ಲಿ ತಗಡು ಇಡಲು, ತೆಗೆಯಲು ಕೈ ಒಳಗೆ ಹೋಗಲೇಬೇಕು.

ಈ ತೊಡಕಿಗೆ ಜರ್ಮನಿಯ ಎರ್ವಿನ್ ಸಿಕ್ ಬೆಳಕಿನಲ್ಲೇ ಬೇಲಿ ಕಟ್ಟಿದರು. 1952ರಲ್ಲಿ ಹ್ಯಾನೋವರ್‌ನ ಮೇಳದಲ್ಲಿ ಅದನ್ನು ಜನರ ಮುಂದಿಟ್ಟರು. ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಬೆಳಕು. ಕೈ ಅದನ್ನು ತಡೆದ ಕೂಡಲೇ ಪ್ರೆಸ್ ನಿಲ್ಲಬೇಕು. ಈಗ ನಾವು ಲೈಟ್ ಕರ್ಟನ್ ಎನ್ನುವುದು ಇದನ್ನೇ. ಇದನ್ನು ಎಷ್ಟು ದೂರದಲ್ಲಿ ಕೂರಿಸಬೇಕೆನ್ನುವುದಕ್ಕೂ ಲೆಕ್ಕವಿದೆ. ಕೈಯ ವೇಗ ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುತ್ತೇವೆ. ಪ್ರೆಸ್ ನಿಲ್ಲಲು 0.2 ಸೆಕೆಂಡ್ ಬೇಕಾದರೆ, ಕರ್ಟನ್ ಕನಿಷ್ಠ 400 ಮಿಲಿಮೀಟರ್ ಆಚೆಗಿರಬೇಕು.

ಇನ್ನೊಂದು ಕಣ್ಣು ಹುಟ್ಟಿದ್ದು ಅದೇ ದೇಶದಲ್ಲಿ, ಅದೇ ದಶಕದಲ್ಲಿ. ರಾಸಾಯನಿಕ ಕಾರ್ಖಾನೆಗಳಲ್ಲಿ ಸಾಮಾನ್ಯ ಸ್ವಿಚ್ಚಿನ ಒಂದು ಕಿಡಿ ಸಾಕು, ಸ್ಫೋಟವಾಗಲು. ಬಿಎಎಸ್‌ಎಫ್ ಕಂಪನಿಯ ಈ ಚಿಂತೆಗೆ 1958ರಲ್ಲಿ ಉತ್ತರ ಕೊಟ್ಟದ್ದು ಮ್ಯಾನ್‌ಹೈಮ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿಯಾಗಿ ಶುರುವಾಗಿದ್ದ ಪೆಪೆರ್ಲ್ ಮತ್ತು ಫುಕ್ಸ್. ಅದರ ತುದಿಯಲ್ಲೊಂದು ತಂತಿಸುರುಳಿ. ಲೋಹ ಹತ್ತಿರ ಬಂದರೆ ಸುರುಳಿಯಲ್ಲಿನ ಕಂಪನ ಕುಗ್ಗುತ್ತದೆ, ಅದರಿಂದ ಸಂಕೇತ ಹುಟ್ಟುತ್ತದೆ. ಮುಟ್ಟುವುದೂ ಇಲ್ಲ, ಕಿಡಿಯೂ ಇಲ್ಲ. ಅದೇ ಇಂದಿನ ಪ್ರಾಕ್ಸಿಮಿಟಿ ಸೆನ್ಸರ್. ಕಬ್ಬಿಣ ಅದಕ್ಕೆ ಕಾಣುತ್ತದೆ, ಬೆರಳು ಕಾಣುವುದಿಲ್ಲ.

ಪುಣೆಯ ಭೋಸರಿ, ಚಾಕಣ ಕಡೆ ಇವೆರಡನ್ನೂ ಕೂರಿಸುವುದು ನನ್ನ ಕಸುಬು. ಪ್ರಾಕ್ಸಿ ಕೆಟ್ಟರೆ ನಡುರಾತ್ರಿ ಫೋನ್ ಬರುತ್ತದೆ, ಏಕೆಂದರೆ ಅದಿಲ್ಲದೆ ಯಂತ್ರ ಮುಂದಿನ ಹೆಜ್ಜೆ ಇಡುವುದಿಲ್ಲ. ಲೈಟ್ ಕರ್ಟನ್ ಕೆಟ್ಟರೆ ಎಂಟು ದಿನವಾದರೂ ಯಾರೂ ಕರೆಯುವುದಿಲ್ಲ. ಪ್ಯಾನೆಲ್ ತೆರೆದು ನೋಡಿದರೆ ಒಂದು ತುಂಡು ವೈರ್ ಅದರ ಕೆಲಸ ಮಾಡುತ್ತಿರುತ್ತದೆ. ಕರ್ಟನ್ ಇಲ್ಲದೆಯೂ ಯಂತ್ರ ಓಡುತ್ತದೆ, ಇನ್ನೂ ಜೋರಾಗಿಯೇ ಓಡುತ್ತದೆ.

ಸುರಕ್ಷತೆಯ ಸ್ವಿಚ್ ಮಾಡಿದವರು ಮೈಮರೆತವರಲ್ಲ. ಸಾಧಾರಣ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಸ್ಪ್ರಿಂಗ್ ಅದನ್ನು ಬಿಡಿಸಲಾರದು. ಬಾಗಿಲಿಗೆ ಹಾಕುವ ಸುರಕ್ಷತಾ ಸ್ವಿಚ್ಚಿನಲ್ಲಿ, ಬಾಗಿಲನ್ನು ಎಳೆದ ಬಲವೇ ಆ ಅಂಟನ್ನು ಕಿತ್ತುಹಾಕುತ್ತದೆ. ಲೋಹದ ಸವೆತಕ್ಕೆ ಮದ್ದು ಸಿಕ್ಕಿತು, ಆತುರಕ್ಕೆ ಸಿಗಲಿಲ್ಲ. ಬಾಗಿಲಿನಲ್ಲಿರಬೇಕಾದ ಕೀಲಿಯ ಜೋಡಿಯೊಂದನ್ನು ತಂದು ಸ್ವಿಚ್ಚಿಗೆ ಸಿಕ್ಕಿಸಿದರೆ, ಬಾಗಿಲು ತೆರೆದೇ ಇದ್ದರೂ ಯಂತ್ರಕ್ಕೆ ಅದು ಮುಚ್ಚಿದಂತೆ.

ಇದಕ್ಕೆ ಹೊಣೆ ಯಾರು? 1948ರ ಕಾಯ್ದೆಯ 111ನೇ ಕಲಮು, ಸುರಕ್ಷತೆಯ ಸಾಧನವನ್ನು ಬೇಕೆಂದೇ ಕೆಡಿಸಬಾರದೆಂದು ಕೆಲಸಗಾರನಿಗೆ ತಾಕೀತು ಮಾಡಿತು. 2013ರ ಐಎಸ್‌ಒ 14119 ಬೇರೆ ಪ್ರಶ್ನೆ ಎತ್ತಿತು: ಬೇಲಿ ಮುರಿಯಬೇಕೆಂದು ಅವನಿಗೆ ಅನ್ನಿಸುವುದೇಕೆ? ಡೈ ಹೊಂದಿಸುವಾಗ, ಸಿಕ್ಕಿಬಿದ್ದ ತುಂಡು ತೆಗೆಯುವಾಗ, ಶುಚಿ ಮಾಡುವಾಗ ಬೇಲಿ ಅಡ್ಡ ಬರುತ್ತದೆಯೇ ಎಂದು ಯಂತ್ರ ಕಟ್ಟುವವನೇ ಒಂದೊಂದಾಗಿ ಪರೀಕ್ಷಿಸಬೇಕು. ಅಡ್ಡ ಬಂದರೆ ವಿನ್ಯಾಸವನ್ನೇ ತಿದ್ದಬೇಕು. ಗಂಟೆಗೆ ಇಷ್ಟು ಪೀಸ್ ಎಂದು ಗುರಿ ಕೊಡುವವರಿಗೂ ಈ ಪ್ರಶ್ನೆ ತಗಲುತ್ತದೆಂದು ನನ್ನ ಎಣಿಕೆ.

ಕೈ ಕಾಯುವ ಕಣ್ಣು ಮಾರುಕಟ್ಟೆಗೆ ಬಂದದ್ದು ಕಬ್ಬಿಣ ನೋಡುವ ಕಣ್ಣಿಗಿಂತ ಆರು ವರ್ಷ ಮೊದಲು. ಆದರೂ ನಾನು ಹೋಗುವ ಶೆಡ್ಡುಗಳಲ್ಲಿ ಎರಡನೆಯದು ಯಂತ್ರಕ್ಕೆ ಹತ್ತಾರು ಸಿಗುತ್ತವೆ, ಮೊದಲನೆಯದನ್ನು ಹುಡುಕಬೇಕು.