ಹಟ್ಟಿಯಿಂದ ಜೇನುಮನೆಗೆ: ನೀರಿನ ಜೊತೆಗಿನ ಹಳೆಯ ಜಗಳ

ಕಾರ್ಕಳದ ಘಟ್ಟದ ತಪ್ಪಲಿನಿಂದ ಕಾಪುವಿನ ಕಡಲ ಬದಿಯವರೆಗೆ ಹಳೆಯ ಹಟ್ಟಿಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ದನ ಸಾಕುವವರು ಕಡಿಮೆಯಾಗಿದ್ದಾರೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು ಮಾತ್ರ ಇನ್ನೂ ಗಟ್ಟಿ. ಅಂಥ ಹಟ್ಟಿಯನ್ನು ದುರಸ್ತಿ ಮಾಡಿ, ಬದಿಗೆ ಇನ್ನೊಂದು ಕೋಣೆ ಕಟ್ಟಿ ಜೇನು ಸಂಸ್ಕರಣೆ ಶುರು ಮಾಡಬಹುದೇ ಎಂದು ಕೇಳುವ ಕೃಷಿಕರು ವರದಿಗೆಂದು ಹೋದಲ್ಲೆಲ್ಲ ನಮಗೆ ಸಿಗುತ್ತಾರೆ. ಸಾಲ, ಸಬ್ಸಿಡಿ, ಯಂತ್ರದ ದರ ಹೇಳುವವರು ಬಹಳ ಮಂದಿ ಇದ್ದಾರೆ. ಈ ಭಾಗದಲ್ಲಿ ಜೇನು ತೆಗೆಯುವ ಜಾಗ ಹೇಗೆ ಬದಲಾಗುತ್ತ ಬಂತು ಎಂದು ಹೇಳುವವರು ಕಡಿಮೆ. ಅದು ಗೊತ್ತಿದ್ದರೆ ಹಟ್ಟಿಯಲ್ಲಿ ಏನನ್ನು ಒಡೆಯಬೇಕು, ಏನನ್ನು ಉಳಿಸಬೇಕು ಎಂಬ ಲೆಕ್ಕ ಸುಲಭವಾಗುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಜೇನಿನ ಚರಿತ್ರೆ ಎಂದರೆ ಜೇನಿನಿಂದ ನೀರನ್ನು ದೂರ ಇಡಲು ಪಟ್ಟ ಪಾಡು.

ಕೈಯಲ್ಲಿ ಹಿಂಡುತ್ತಿದ್ದ ಕಾಲ

ನಮ್ಮಲ್ಲಿ ನಾಲ್ಕು ಬಗೆಯ ಜೇನು. ಎತ್ತರದ ಮರ, ಬಂಡೆಗಳಲ್ಲಿ ಹೆಜ್ಜೇನು, ಪೊದೆಯಲ್ಲಿ ಕೋಲುಜೇನು, ಗೋಡೆಯ ಸಂದಿಯಲ್ಲಿ ಮುಜಂಟಿ, ಮರದ ಪೊಟರೆ ಮತ್ತು ಹುತ್ತದಲ್ಲಿ ತುಡುವೆ. ಘಟ್ಟದ ಬುಡದ ಮಲೆಕುಡಿಯರು ಕಾಡಿನ ಜೇನು ತೆಗೆಯುವುದರಲ್ಲಿ ನುರಿತವರು. ತೋಟದವರು ಪೊಟರೆಯ ತುಡುವೆಗೆ ಹೊಗೆ ಹಾಕಿ ಎರಿ ಕೊಯ್ಯುತ್ತಿದ್ದರು. ಮನೆಗೆ ತಂದ ಎರಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುವುದು ವಾಡಿಕೆ. ಹಿಂಡುವಾಗ ಜೇನಿನ ಜೊತೆ ಮರಿಹುಳುಗಳ ರಸ, ಪರಾಗ, ಇನ್ನೂ ಪಕ್ವವಾಗದ ಮಕರಂದ ಎಲ್ಲವೂ ಇಳಿಯುತ್ತಿತ್ತು. ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಅದನ್ನು ರೆಕ್ಕೆ ಬೀಸಿ ಆರಿಸಿ, ಹದ ಬಂದ ಮೇಲೆ ಮೇಣದ ಮುಚ್ಚಳ ಹಾಕುವುದು ನೊಣಗಳ ಕೆಲಸ. ಆ ಮುಚ್ಚಳ ಬೀಳುವ ಮೊದಲೇ ಹಿಂಡಿದ ಜೇನು ಮಳೆಗಾಲದಲ್ಲಿ ನೊರೆಯೆದ್ದು ಹುಳಿಯಾಗುವುದು ಸಹಜ. ಹಾಗಾಗಿ ಜೇನು ಔಷಧಿಗೆ, ಪಂಚಾಮೃತಕ್ಕೆ ಬೇಕಾದಷ್ಟು ಮಾತ್ರ ಮನೆಯಲ್ಲಿ ಉಳಿಯುತ್ತಿತ್ತು. ಮಾರುವ ಸರಕಾಗಲು ಅದಕ್ಕೆ ಬಾಳಿಕೆ ಇರಲಿಲ್ಲ.

1865: ಹಂಚು ಮತ್ತು ಯಂತ್ರ

ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದೇ ವರ್ಷ ಯುರೋಪಿನಲ್ಲಿ ಹ್ರುಷ್ಕಾ ಎಂಬಾತ ಎರಿಯನ್ನು ಗಿರಗಿರನೆ ತಿರುಗಿಸಿ ಜೇನು ಹೊರತೆಗೆಯುವ ಯಂತ್ರವನ್ನು ಜಗತ್ತಿಗೆ ತೋರಿಸಿದ. ಹಂಚು ನಮ್ಮ ಮನೆ, ಹಟ್ಟಿಗಳ ಮಾಡಿಗೆ ಬೇಗನೆ ಏರಿತು. ಮಲ್ಪೆಯಲ್ಲೂ ಮಿಶನ್ ಕಾರ್ಖಾನೆ ನಡೆಸಿತು. ಜೇನು ಯಂತ್ರ ನಮ್ಮ ಅಂಗಳಕ್ಕೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ಕಾರಣ ಸರಳ: ಯಂತ್ರಕ್ಕೆ ಚೌಕಟ್ಟಿನಲ್ಲಿ ಕಟ್ಟಿದ ಎರಿ ಬೇಕು, ಚೌಕಟ್ಟಿಗೆ ಪೆಟ್ಟಿಗೆ ಬೇಕು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ರೂಪಿಸಿದ ಪೆಟ್ಟಿಗೆ ದೊಡ್ಡ ಗಾತ್ರದ ಯುರೋಪಿನ ನೊಣಕ್ಕೆ ಸರಿ, ನಮ್ಮ ಸಣ್ಣ ತುಡುವೆಗೆ ಅಲ್ಲ.

ಆ ತೊಡಕನ್ನು ಬಿಡಿಸಿದ್ದು ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಜೆಸುಯಿಟ್ ಪಾದ್ರಿ ನ್ಯೂಟನ್. 1910ರ ದಶಕದಲ್ಲಿ ಅವರು ತುಡುವೆಯ ಅಳತೆಗೆ ಏಳು ಚೌಕಟ್ಟಿನ ಪೆಟ್ಟಿಗೆ ಮಾಡಿದರು. ಕೆಳಗೆ ಸಂಸಾರ ಕೋಣೆ, ಮೇಲೆ ಜೇನು ಕೋಣೆ. ಮರಿಹುಳು ಒಂದು ಕಡೆ, ಜೇನು ಇನ್ನೊಂದು ಕಡೆ. ಮುಚ್ಚಳ ಬಿದ್ದ ಎರಿಯನ್ನು ಮಾತ್ರ ಆರಿಸಿ ತೆಗೆಯುವುದು, ಖಾಲಿ ಎರಿಯನ್ನು ನೊಣಕ್ಕೇ ಹಿಂತಿರುಗಿಸುವುದು ಆಗ ಸಾಧ್ಯವಾಯಿತು. ನೀರಿನ ಜೊತೆಗಿನ ಜಗಳದಲ್ಲಿ ಮೊದಲ ಗೆಲುವು ಇದು.

ಸಹಕಾರಿ ಸಂಘದ ಕೋಣೆ

ಆಗ ಉಡುಪಿ, ಕಾರ್ಕಳಗಳು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿದ್ದವು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಜೇನು ಸಾಕಣೆಯನ್ನು ಗ್ರಾಮೋದ್ಯೋಗವಾಗಿ ಬೆಳೆಸಬಹುದು ಎಂದಿತು. 1934ರ ಕೊನೆಗೆ ಗಾಂಧೀಜಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕಟ್ಟಿದಾಗ ಅದರ ಪಟ್ಟಿಯಲ್ಲೂ ಜೇನು ಇತ್ತು. ಮುಂದೆ ಕೊಡಗಿನಲ್ಲಿ, ನಮ್ಮ ಜಿಲ್ಲೆಯ ಪುತ್ತೂರಿನಲ್ಲಿ ಜೇನು ಕೃಷಿಕರ ಸಹಕಾರಿ ಸಂಘಗಳು ಹುಟ್ಟಿದವು. ಸ್ವಾತಂತ್ರ್ಯದ ನಂತರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಪೆಟ್ಟಿಗೆ ಮತ್ತು ತರಬೇತಿಗೆ ನೆರವಾಯಿತು.

ಸಂಘಗಳ ದೊಡ್ಡ ಕೊಡುಗೆ ಎಂದರೆ ಒಂದು ಕೋಣೆ. ಕೃಷಿಕ ಜೇನು ತೆಗೆದು ಡಬ್ಬಿಯಲ್ಲಿ ತಂದರೆ ಸಂಘ ಅದನ್ನು ತೂಗಿ, ಬಿಸಿನೀರಿನ ಹಬೆಯಲ್ಲಿ ಹದವಾಗಿ ಕಾಯಿಸಿ, ಸೋಸಿ, ಬಾಟಲಿಗೆ ತುಂಬುತ್ತಿತ್ತು. ಹುಳಿಯೆಬ್ಬಿಸುವ ಯೀಸ್ಟ್ 60–65 ಡಿಗ್ರಿ ಬಿಸಿಯಲ್ಲಿ ಸಾಯುತ್ತದೆ. ನೇರ ಬೆಂಕಿಗಿಟ್ಟರೆ ಜೇನಿನ ಬಣ್ಣ, ಘಮ ಎರಡೂ ಕೆಡುತ್ತವೆ. ಈ ನಾಜೂಕು ಪ್ರತಿ ಮನೆಯ ಒಲೆಯ ಮುಂದೆ ಆಗುವಂಥದ್ದಲ್ಲ. ಹತ್ತು ಪೆಟ್ಟಿಗೆ ಇಟ್ಟವನೂ ಕಟ್ಟಡದ ಖರ್ಚಿಲ್ಲದೆ ಪೇಟೆ ತಲುಪಿದ್ದು ಹಂಚಿಕೊಂಡ ಆ ಕೋಣೆಯಿಂದ.

ದುಡ್ಡಿನ ದಾರಿಯನ್ನು ಈ ನೆಲ ಬೇರೆ ರೀತಿಯಲ್ಲಿ ಕಂಡುಕೊಂಡಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 1928ರಿಂದ ಮನೆಮನೆಗೆ ಹೋಗಿ ಪಿಗ್ಮಿ ಸಂಗ್ರಹಿಸಿತು. 1982ರಲ್ಲಿ ಅದೇ ಬ್ಯಾಂಕ್, ಕೆನರಾ ಬ್ಯಾಂಕ್ ಮತ್ತು ಧರ್ಮಸ್ಥಳ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ತೆರೆದವು. ಸ್ವಂತ ಉದ್ಯೋಗದ ತರಬೇತಿ, ಆಮೇಲೆ ಸಾಲ ಎಂಬ ಕ್ರಮ ಹಳ್ಳಿಗಳಿಗೆ ಪರಿಚಯವಾಯಿತು.

1991ರ ಹೊಡೆತ

ಅಷ್ಟರಲ್ಲಿ ರೋಗ ಬಂತು. ಥಾಯ್ ಸ್ಯಾಕ್‌ಬ್ರೂಡ್ ವೈರಸ್ 1991–92ರಲ್ಲಿ ದಕ್ಷಿಣ ಭಾರತದ ಉದ್ದಗಲಕ್ಕೆ ಹರಡಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಗೂಡಿನಲ್ಲೇ ಸಾಯುತ್ತವೆ. ಸಾಕಿದ ತುಡುವೆ ಕುಟುಂಬಗಳಲ್ಲಿ ಶೇ. 90ಕ್ಕೂ ಹೆಚ್ಚು ನಾಶವಾದವು ಎಂಬುದು ಒಪ್ಪಿತವಾದ ಅಂದಾಜು. ಪೆಟ್ಟಿಗೆಗಳು ಅಟ್ಟ ಸೇರಿದವು. ನೊಣವೇ ಇಲ್ಲದ ಮೇಲೆ ಕೋಣೆ, ಯಂತ್ರ, ಬಾಟಲಿ ಯಾವುದಕ್ಕೂ ಕೆಲಸವಿಲ್ಲ. ಬದುಕಿ ಉಳಿದ ಕುಟುಂಬಗಳಿಂದ, ಕಾಡಿನಿಂದ ಮತ್ತೆ ಪಾಲು ಮಾಡಿ ಬೆಳೆಸಲು ವರ್ಷಗಳು ಬೇಕಾದವು. ಉತ್ತರ ಭಾರತ 1960ರ ದಶಕದಿಂದಲೇ ಯುರೋಪಿನ ಮೆಲ್ಲಿಫೆರಾ ನೊಣಕ್ಕೆ ಹೊರಳಿತ್ತು. ಕರಾವಳಿಯ ತೋಟಗಳಲ್ಲಿ ಹೆಚ್ಚಿನವರು ಇಂದಿಗೂ ನೆಚ್ಚಿಕೊಂಡಿರುವುದು ತುಡುವೆಯನ್ನೇ.

ಹಟ್ಟಿಯಲ್ಲಿ ಏನು ಬದಲಾಗಬೇಕು

2006ರ ಆಹಾರ ಸುರಕ್ಷತಾ ಕಾಯ್ದೆ 2011ರಲ್ಲಿ ಜಾರಿಗೆ ಬಂದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಬಾಟಲಿ ತುಂಬಿ ಮಾರುವುದು ಕಷ್ಟವಾಯಿತು. ನೋಂದಣಿ ಬೇಕು, ಶುಚಿಯಾದ ಜಾಗ ಬೇಕು, ಜೇನಿನಲ್ಲಿ ನೀರಿನ ಅಂಶ ಶೇ. 20 ಮೀರಬಾರದು. ಕರಾವಳಿಯ ತುಡುವೆ ಜೇನು ಎಷ್ಟೋ ಸಲ ಈ ಗೆರೆ ದಾಟಿರುತ್ತದೆ. ಶೇ. 24 ನೀರಿರುವ 100 ಕಿಲೋ ಜೇನನ್ನು ಶೇ. 20ಕ್ಕೆ ಇಳಿಸಬೇಕಾದರೆ 5 ಕಿಲೋ ನೀರು ತೆಗೆಯಬೇಕು. ಗಾಳಿಯ ತೇವವನ್ನು ಜೇನು ತಾನಾಗಿ ಹೀರಿಕೊಳ್ಳುವುದರಿಂದ ತೆಗೆದ ನೀರು ಮತ್ತೆ ಸೇರದಂತೆಯೂ ನೋಡಿಕೊಳ್ಳಬೇಕು.

ಹಳೆಯ ಹಟ್ಟಿ ಕಟ್ಟಿದ್ದು ಇದಕ್ಕೆ ತದ್ವಿರುದ್ಧವಾದ ಉದ್ದೇಶಕ್ಕೆ. ದನಕ್ಕೆ ಗಾಳಿ ಬೇಕೆಂದು ಗೋಡೆ ಅರ್ಧಕ್ಕೇ ನಿಲ್ಲುತ್ತದೆ, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ನೆಲ ತಣ್ಣಗಿರುತ್ತದೆ. ಹೀಗಾಗಿ ಮಾಡು, ಗೋಡೆ ಉಳಿಸಿಕೊಂಡು ಒಳಗೆ ಇನ್ನೊಂದು ಮುಚ್ಚಿದ ಕೋಣೆ ಮಾಡುವುದು ಮೇಲು. ಹಂಚಿನ ಕೆಳಗೆ ತಾರಸಿಯಂಥ ಒಳಮಾಡು, ತೊಳೆಯಲು ಬರುವ ನೆಲ, ನೀರು ಹರಿಯಲು ಇಳಿಜಾರು, ಕಿಟಕಿಗೆ ಬಲೆ, ಎರಡು ಬಾಗಿಲು. ಜೇನಿನ ವಾಸನೆಗೆ ಊರಿನ ನೊಣಗಳೆಲ್ಲ ಮುತ್ತುತ್ತವೆ, ಹಾಗಾಗಿ ಬಲೆ ಇಲ್ಲದ ಕೋಣೆಯಲ್ಲಿ ಹಗಲು ಕೆಲಸ ಮಾಡಲಾಗದು. ಎರಿ ತೆಗೆಯುವ ಒದ್ದೆ ಕೆಲಸಕ್ಕೆ ಒಂದು ಕೋಣೆ, ಬಾಟಲಿ ತುಂಬಲು ಒಣ ಕೋಣೆ ಇನ್ನೊಂದು. ಪಾತ್ರೆ ಸ್ಟೀಲಿನದ್ದೇ ಆಗಬೇಕು, ಜೇನು ಹುಳಿ ಗುಣದ್ದಾದ್ದರಿಂದ ತಗಡಿನ ಸತು ಅದರಲ್ಲಿ ಕರಗುತ್ತದೆ. ದನ ಇನ್ನೂ ಇದ್ದರೆ ಗೊಬ್ಬರದ ಗುಂಡಿ ದೂರವಿರಲಿ.

ಎಷ್ಟು ದೊಡ್ಡದು?

2020ರಲ್ಲಿ ಕೇಂದ್ರ ಸರ್ಕಾರ ಜೇನು ಮಿಷನ್‌ಗೆ 500 ಕೋಟಿ ರೂಪಾಯಿ ಘೋಷಿಸಿದ ಮೇಲೆ ದೊಡ್ಡ ಯಂತ್ರದ ಆಸೆ ಹೆಚ್ಚಾಗಿದೆ. ಒಂದು ಲೆಕ್ಕ ಹಾಕೋಣ. ತುಡುವೆ ಪೆಟ್ಟಿಗೆ ವರ್ಷಕ್ಕೆ 5ರಿಂದ 10 ಕಿಲೋ ಕೊಟ್ಟೀತು. 50 ಪೆಟ್ಟಿಗೆ ಇದ್ದರೆ 250ರಿಂದ 500 ಕಿಲೋ. ದಿನಕ್ಕೆ 300 ಕಿಲೋ ಸಂಸ್ಕರಿಸುವ ಯಂತ್ರಕ್ಕೆ ಅದು ಎರಡು ದಿನದ ಕೆಲಸ. ಉಳಿದ 363 ದಿನ ಯಂತ್ರ ಸುಮ್ಮನಿರುತ್ತದೆ, ಸಾಲದ ಬಡ್ಡಿ ಸುಮ್ಮನಿರುವುದಿಲ್ಲ. ಆ ಬಡ್ಡಿ ತುಂಬಿಸಲು ಹೊರಗಿನ ಅಗ್ಗದ ಜೇನು ತಂದು ಊರಿನ ಹೆಸರಿನ ಚೀಟಿ ಅಂಟಿಸುವ ಆಸೆ ಹುಟ್ಟುವುದು ಇಲ್ಲೇ. ಕಲಬೆರಕೆಯ ಸುದ್ದಿ ಒಮ್ಮೆ ಹಬ್ಬಿದರೆ ಪಕ್ಕದ ಮನೆಯ ಒಳ್ಳೆಯ ಜೇನನ್ನೂ ಯಾರೂ ಕೊಳ್ಳುವುದಿಲ್ಲ.

ಆದ್ದರಿಂದ ಒಂಟಿ ಕೃಷಿಕನಿಗೆ ಎರಿ ತೆಗೆದು, ಸೋಸಿ, ಗಾಳಿಯಾಡದಂತೆ ಮುಚ್ಚಿಡುವಷ್ಟು ಹಟ್ಟಿ ಸಾಕು. ಮುಚ್ಚಳ ಬಿದ್ದ ಎರಿಯನ್ನೇ, ಮಳೆ ಹಿಡಿಯುವ ಮೊದಲೇ ತೆಗೆದರೆ ಅರ್ಧ ಸಂಸ್ಕರಣೆ ನೊಣಗಳೇ ಮಾಡಿಕೊಟ್ಟಿರುತ್ತವೆ. ನೀರು ತೆಗೆಯುವ ಯಂತ್ರ ನಾಲ್ಕು ಗ್ರಾಮಕ್ಕೆ ಸೇರಿ ಒಂದು ಹಟ್ಟಿಯಲ್ಲಿರಲಿ. ಹಟ್ಟಿಯನ್ನು ಹಿಗ್ಗಿಸಲೇಬೇಕು ಎನ್ನುವವರು ಮೊದಲು ನೆರೆಯವರ ಪೆಟ್ಟಿಗೆ ಎಣಿಸಿಕೊಂಡು ಬರಬೇಕು. ಆ ಸಂಖ್ಯೆ ಕೈಯಲ್ಲಿದ್ದರೆ ಎಷ್ಟು ಮುರಕಲ್ಲು ತರಿಸಬೇಕು ಎಂಬುದನ್ನು ಮೇಸ್ತ್ರಿಯೇ ಹೇಳುತ್ತಾನೆ.