ಫಾರ್ಟಿಂಗಲ್ ಪ್ಯಾರಿಷ್‌ನ ಸಂರಕ್ಷಿತ ಕಟ್ಟಡಗಳು

ಫಾರ್ಟಿಂಗಲ್ ಸ್ಕಾಟ್ಲೆಂಡ್‌ನ ಪರ್ತ್‌ಷೈರ್ ಹೈಲ್ಯಾಂಡ್ ಪ್ರದೇಶದ ಒಂದು ಗ್ರಾಮೀಣ ಪ್ಯಾರಿಷ್. ಗ್ಲೆನ್ ಲಯನ್ ಕಣಿವೆ ಬಯಲಿಗೆ ತೆರೆದುಕೊಳ್ಳುವ ಜಾಗದಲ್ಲಿ ಇದೇ ಹೆಸರಿನ ಪುಟ್ಟ ಹಳ್ಳಿಯಿದೆ. ಒಂದು ಚರ್ಚಿಗೆ ನಡೆದುಕೊಳ್ಳುವ ಊರುಗಳ ಸೀಮೆಯೇ ಪ್ಯಾರಿಷ್. ಫಾರ್ಟಿಂಗಲ್‌ನ ಸೀಮೆ ಹಿಂದೆ ಗ್ಲೆನ್ ಲಯನ್ ಕಣಿವೆಯನ್ನೂ ರ‍್ಯಾನಕ್‌ನ ಬಹುಭಾಗವನ್ನೂ ಒಳಗೊಂಡು ಬಹಳ ವಿಶಾಲವಾಗಿತ್ತು. 1975ರ ಬಳಿಕ ಪ್ಯಾರಿಷ್‌ಗಳಿಗೆ ಆಡಳಿತದಲ್ಲಿ ಯಾವ ಪಾತ್ರವೂ ಉಳಿದಿಲ್ಲ. ಆದರೂ ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿ ಕಟ್ಟಡ ಯಾವ ಪ್ಯಾರಿಷ್‌ಗೆ ಸೇರಿದ್ದೆಂದು ಇಂದಿಗೂ ನಮೂದಿಸುತ್ತಾರೆ.

ಈ ಪಟ್ಟಿಯನ್ನು ನೋಡಿಕೊಳ್ಳುವುದು ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಎಂಬ ಸಂಸ್ಥೆ. ದೇಶದ ಮಟ್ಟದಲ್ಲಿ ಮಹತ್ವದ ಕಟ್ಟಡಗಳು 'ಎ' ವರ್ಗಕ್ಕೂ, ಪ್ರಾದೇಶಿಕ ಮಹತ್ವದವು 'ಬಿ' ವರ್ಗಕ್ಕೂ, ಸ್ಥಳೀಯ ಮಹತ್ವದವು 'ಸಿ' ವರ್ಗಕ್ಕೂ ಸೇರುತ್ತವೆ. 1997ರ ಕಾಯ್ದೆಯ ಪ್ರಕಾರ, ಪಟ್ಟಿಗೆ ಸೇರಿದ ಕಟ್ಟಡವನ್ನು ಕೆಡವಲು ಅಥವಾ ಅದರ ಚಹರೆ ಬದಲಾಗುವಂಥ ಕೆಲಸ ಮಾಡಲು ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಅನುಮತಿಯಿಲ್ಲದೆ ಕೈಹಾಕಿದರೆ ಅದು ಅಪರಾಧ. ರಕ್ಷಣೆ ಹೊರಗೋಡೆಗಷ್ಟೇ ಸೀಮಿತವಲ್ಲ, ಒಳಗಿನ ಮೆಟ್ಟಿಲು, ಬಾಗಿಲು, ಒಲೆಗೂಡುಗಳಿಗೂ ಅದು ಅನ್ವಯಿಸುತ್ತದೆ. ವರ್ಗ ಯಾವುದೇ ಇರಲಿ, ಕಾನೂನಿನ ಕಟ್ಟುಪಾಡು ಒಂದೇ.

ಹಳ್ಳಿಯ ಬೀದಿಗೆ ಮೊದಲ ಬಾರಿ ಬಂದವರು ಅಲ್ಲಿನ ಹುಲ್ಲು ಹೊದಿಸಿದ ಮನೆಗಳನ್ನು ಬಹಳ ಪ್ರಾಚೀನವೆಂದು ತಿಳಿಯುವುದು ಸಹಜ. ನಿಜದಲ್ಲಿ ಅವು 19ನೇ ಶತಮಾನದ ಕೊನೆಯವು. ದಕ್ಷಿಣ ಆಫ್ರಿಕಾಕ್ಕೆ ಹಡಗು ಓಡಿಸುತ್ತಿದ್ದ ಕಾಸಲ್ ಲೈನ್ ಕಂಪನಿಯ ಒಡೆಯ ಸರ್ ಡೊನಾಲ್ಡ್ ಕರೀ 1885ರಲ್ಲಿ ಗ್ಲೆನ್ ಲಯನ್ ಎಸ್ಟೇಟನ್ನು ಕೊಂಡರು. ಹಳ್ಳಿಯನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಅವರು ವಹಿಸಿದ್ದು ಜೇಮ್ಸ್ ಮೆಕ್ಲಾರೆನ್ ಎಂಬ ತರುಣ ವಾಸ್ತುಶಿಲ್ಪಿಗೆ. ಯಂತ್ರದ ಅಚ್ಚುಕಟ್ಟಿಗಿಂತ ಕೈಕೆಲಸಕ್ಕೂ ಊರಿನ ರೂಢಿಗೂ ಬೆಲೆ ಕೊಟ್ಟ 'ಆರ್ಟ್ಸ್ ಅಂಡ್ ಕ್ರಾಫ್ಟ್ಸ್' ಪಂಥದ ಒಲವು ಮೆಕ್ಲಾರೆನ್‌ಗಿತ್ತು. ಮನೆಗಳ ದಪ್ಪ ಹುಲ್ಲಿನ ಮಾಡಿನಲ್ಲಿ ಇಂಗ್ಲೆಂಡಿನ ಪಶ್ಚಿಮ ಸೀಮೆಯ ಛಾಯೆ ಕಾಣುತ್ತದೆ. ಗೋಡೆಗಳಿಗೆ ಬಳಿದದ್ದು ಮಾತ್ರ ಅಪ್ಪಟ ಸ್ಕಾಟಿಷ್ ಗಾರೆ. ಇದಕ್ಕೆ ಹಾರ್ಲಿಂಗ್ ಎಂದು ಹೆಸರು. ಸಣ್ಣ ಕಲ್ಲು ಬೆರೆಸಿದ ಸುಣ್ಣದ ಗಾರೆಯನ್ನು ಕರಣೆಯಿಂದ ಗೋಡೆಗೆ ಎಸೆದು ಮೆತ್ತುತ್ತಾರೆ. ಸುರಿವ ಮಳೆಯಿಂದ ಒರಟು ಕಲ್ಲಿನ ಗೋಡೆಯನ್ನು ಕಾಪಾಡುವ ಹಳೆಯ ಉಪಾಯವದು.

ಮೆಕ್ಲಾರೆನ್ 1890ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ಕ್ಷಯರೋಗದಿಂದ ತೀರಿಕೊಂಡರು. ಉಳಿದ ಕೆಲಸವನ್ನು ಅವರ ಜೊತೆಗಾರರಾದ ವಿಲಿಯಂ ಡನ್ ಮತ್ತು ರಾಬರ್ಟ್ ವಾಟ್ಸನ್ ಮುಂದುವರಿಸಿದರು. ಸಾಲುಮನೆಗಳು, ಹೋಟೆಲು, ಗ್ಲೆನ್ ಲಯನ್ ಹೌಸ್ ಬಳಿಯ ತೋಟದ ಮನೆ ಮತ್ತು ಕೊಟ್ಟಿಗೆ-ಕಣಜಗಳ ಸಮೂಹ, ಇವೆಲ್ಲ ಒಂದೇ ಕಲ್ಪನೆಯ ಭಾಗಗಳು. ಅವುಗಳಲ್ಲಿ ಆ ತೋಟದ ಕಟ್ಟಡಗಳೇ ಹೆಚ್ಚು ಧೈರ್ಯದವು. ಜಾನುವಾರು ಕಟ್ಟುವ ಜಾಗವನ್ನೂ ಇಷ್ಟು ಗಂಭೀರವಾಗಿ ಆಲೋಚಿಸಿ ಕಟ್ಟಿದ ವಾಸ್ತುಶಿಲ್ಪಿಗಳು ಆ ಕಾಲದಲ್ಲಿ ವಿರಳ. ಗ್ಲಾಸ್ಗೋದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ರೆನೀ ಮ್ಯಾಕಿಂಟಾಷ್ ಮೇಲೆ ಮೆಕ್ಲಾರೆನ್ ಪ್ರಭಾವವಿದೆ ಎಂಬುದನ್ನು ವಾಸ್ತು ಇತಿಹಾಸಕಾರರು ಒಪ್ಪುತ್ತಾರೆ. ಹೀಗೆ, ಇಲ್ಲಿನ ಮನೆಗಳನ್ನು ಸಂರಕ್ಷಿಸಿರುವುದು ಅವು ಬಹಳ ಹಳೆಯವೆಂದಲ್ಲ. ಹಳೆಯ ಕಟ್ಟುವ ರೀತಿಯಿಂದ ಹೊಸದೊಂದನ್ನು ಕಂಡುಕೊಂಡವೆಂದು. ಹುಲ್ಲಿನ ಮಾಡಿನ ಮನೆಗಳು ಸ್ಕಾಟ್ಲೆಂಡ್‌ನಲ್ಲಿ ಕಡಿಮೆಯಾಗುತ್ತಿರುವಾಗ ಈ ಬೀದಿಯ ಬೆಲೆ ಇನ್ನಷ್ಟು ಏರಿದೆ.

ಪ್ಯಾರಿಷ್ ಚರ್ಚು ಕೂಡ ಕರೀ ಅವರ ಹಣದಿಂದಲೇ, ಡನ್ ಮತ್ತು ವಾಟ್ಸನ್ ವಿನ್ಯಾಸದಂತೆ 20ನೇ ಶತಮಾನದ ಆರಂಭದಲ್ಲಿ ಮರುನಿರ್ಮಾಣವಾಯಿತು. ಆದರೆ ಆ ನೆಲದಲ್ಲಿ ಕ್ರೈಸ್ತ ಆರಾಧನೆ ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು. ಸ್ಕಾಟ್ಲೆಂಡ್‌ನ ಪ್ರಾಚೀನ ಪಿಕ್ಟ್ ಜನರ ಕಾಲದ ಶಿಲುಬೆಗಲ್ಲುಗಳ ತುಂಡುಗಳು ಚರ್ಚಿನಲ್ಲಿವೆ. ಇಲ್ಲೇ ಇದ್ದ ಕಬ್ಬಿಣದ ಕೈಗಂಟೆ ಆರಂಭಿಕ ಮಧ್ಯಯುಗದ್ದು. ಗೇಲಿಕ್ ಸನ್ಯಾಸಿಗಳ ಕಾಲದಿಂದ ಉಳಿದುಬಂದಿತ್ತು. 2017ರಲ್ಲಿ ಅದು ಕಳುವಾಯಿತು. ಪಟ್ಟಿಯ ರಕ್ಷಣೆ ಕಟ್ಟಡಕ್ಕೂ ಅದಕ್ಕೆ ಬೆಸೆದುಕೊಂಡ ವಸ್ತುಗಳಿಗೂ ಸಿಗುತ್ತದೆ, ಎತ್ತಿಕೊಂಡು ಹೋಗಬಹುದಾದ ವಸ್ತುವಿಗೆ ಸಿಗುವುದಿಲ್ಲ. ಊರು ಶತಮಾನಗಳ ಕಾಲ ಜತನದಿಂದ ಕಾಯ್ದುಕೊಂಡ ಗಂಟೆಯ ವಿಷಯದಲ್ಲಿ ಈ ಕೊರತೆ ನೋವಿನದು.

ಚರ್ಚಿನ ಅಂಗಳದ ಯೂ ಮರ ಕಟ್ಟಡವಲ್ಲವಾದರೂ ಅದನ್ನು ಬಿಟ್ಟು ಫಾರ್ಟಿಂಗಲ್ ಬಗ್ಗೆ ಬರೆಯಲಾಗದು. 1769ರಲ್ಲಿ ಪ್ರವಾಸಿ-ಲೇಖಕ ಥಾಮಸ್ ಪೆನೆಂಟ್ ಅಳೆದಾಗ ಕಾಂಡದ ಸುತ್ತಳತೆ 56 ಅಡಿ ಮೀರಿತ್ತು. ನಡುವಿನ ತಿರುಳು ಎಂದೋ ನಶಿಸಿರುವುದರಿಂದ ಉಂಗುರ ಎಣಿಸಿ ವಯಸ್ಸು ಹೇಳುವಂತಿಲ್ಲ. ಎರಡು-ಮೂರು ಸಾವಿರ ವರ್ಷವೆಂಬುದು ಸಾಮಾನ್ಯ ಅಂದಾಜು. ನೆನಪಿಗೆಂದು ಕೊಂಬೆ ಮುರಿಯುವವರ ಕಾಟ ಹೆಚ್ಚಿದ್ದರಿಂದ ಸುತ್ತಲೂ ಗೋಡೆ ಎಬ್ಬಿಸಿದ್ದಾರೆ. ಹಳ್ಳಿಯ ಸುತ್ತಲಿನ ಹೊಲಗಳಲ್ಲಿರುವ ಇತಿಹಾಸಪೂರ್ವದ ನಿಲುಗಲ್ಲುಗಳ ರಕ್ಷಣೆ ಬೇರೊಂದು ಕಾನೂನಿನದು: 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆ.

ಹಳ್ಳಿಯಿಂದಾಚೆ ಎರಡು ಕೋಟೆಮನೆಗಳು ಮುಖ್ಯ. ಕೆಲ್ಟ್ನಿ ಹಳ್ಳದ ಕಮರಿಯ ಮೇಲಿರುವ ಗಾರ್ತ್ ಗೋಪುರ 14ನೇ ಶತಮಾನದ್ದು. 'ಬ್ಯಾಡನಕ್‌ನ ತೋಳ' ಎಂದು ಕುಖ್ಯಾತನಾದ ಅಲೆಕ್ಸಾಂಡರ್ ಸ್ಟುವರ್ಟ್ ಅದನ್ನು ಕಟ್ಟಿಸಿದನೆಂದು ಪ್ರತೀತಿ. ಗ್ಲೆನ್ ಲಯನ್ ಕಣಿವೆಯ ಒಳಗೆ, ಬಿಳಿ ಗೋಡೆಯ ಮೆಗರ್ನಿ ಕೋಟೆಯ ಮೂಲ ಗೋಪುರ 16ನೇ ಶತಮಾನದ ಕೊನೆಯದು. ಗ್ಲೆನ್ ಲಯನ್‌ನ ಕ್ಯಾಂಪ್‌ಬೆಲ್‌ಗಳು ಅದರ ಒಡೆಯರಾಗಿದ್ದರು. 1692ರ ಗ್ಲೆನ್‌ಕೋ ಹತ್ಯಾಕಾಂಡದಲ್ಲಿ ಸೈನಿಕರನ್ನು ಮುನ್ನಡೆಸಿದ ರಾಬರ್ಟ್ ಕ್ಯಾಂಪ್‌ಬೆಲ್ ಇದೇ ಮನೆತನದವನು.

ಇಷ್ಟು ದೊಡ್ಡ ಪ್ಯಾರಿಷ್‌ಗೆ ಒಂದೇ ಚರ್ಚು ಸಾಲುತ್ತಿರಲಿಲ್ಲ. ಹೈಲ್ಯಾಂಡ್‌ನ ದೂರದ ಊರುಗಳಿಗಾಗಿ ಸಂಸತ್ತು 1820ರ ದಶಕದಲ್ಲಿ ಹಣ ಕೊಟ್ಟಾಗ, ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಮೇಲ್ವಿಚಾರಣೆಯಲ್ಲಿ 32 ಚರ್ಚುಗಳು ಎದ್ದವು. ಚರ್ಚು ಮತ್ತು ಪಾದ್ರಿಯ ಮನೆ ಎರಡೂ ಸೇರಿ 1500 ಪೌಂಡ್ ಮೀರಬಾರದೆಂಬ ಮಿತಿಯಿತ್ತು. ಗ್ಲೆನ್ ಲಯನ್‌ನ ಇನರ್‌ವಿಕ್ ಮತ್ತು ಕಿನ್‌ಲಾಕ್ ರ‍್ಯಾನಕ್ ಚರ್ಚುಗಳು ಆ ಯೋಜನೆಯಲ್ಲಿ ಹುಟ್ಟಿದವು. ಅಲಂಕಾರಕ್ಕೆ ಹಣವಿಲ್ಲದ, ಆದರೆ ಅಳತೆಯಲ್ಲಿ ಹದ ತಪ್ಪದ ಕಟ್ಟಡಗಳು ಇವು. ಅಲ್ಲಿಯವರೆಗೆ ಗ್ಲೆನ್ ಲಯನ್‌ನ ಒಳಭಾಗದ ಜನ ಪ್ಯಾರಿಷ್ ಚರ್ಚಿಗೆ ಬರಲು ಮೈಲುಗಟ್ಟಲೆ ನಡೆಯಬೇಕಿತ್ತು.