ಸಲಿನಾಸ್‌ನ ಮಕ್ಕಳು ಮತ್ತು ಕೂದಲಿನ ಮಾತ್ರೆ

ಬೊಕ್ಕತಲೆಯ ಬಗ್ಗೆ ನಮ್ಮಲ್ಲಿ ನಗುವುದಕ್ಕೆ ಬೇಕಾದಷ್ಟು ಮಾತುಗಳಿವೆ. ತಲೆ ಬೋಳಾದವನು ಬುದ್ಧಿವಂತ ಎನ್ನುತ್ತಾರೆ, ದುಡ್ಡಿನವನು ಎನ್ನುತ್ತಾರೆ, ನೀರು ಸರಿಯಿಲ್ಲ ಎನ್ನುತ್ತಾರೆ. ಹೆಣ್ಣು ನೋಡಲು ಹೋಗುವ ಮೊದಲು ಕನ್ನಡಿಯ ಮುಂದೆ ನಿಲ್ಲುವ ಹುಡುಗನಿಗೆ ಮಾತ್ರ ಅದು ನಗುವ ವಿಷಯವಲ್ಲ. ಅವನು ಮೆಡಿಕಲ್ ಶಾಪಿಗೆ ಹೋಗಿ ಕೊಳ್ಳುವ ಫಿನಾಸ್ಟರೈಡ್ ಎಂಬ ಮಾತ್ರೆಯ ಹಿಂದಿನ ಚರಿತ್ರೆಯನ್ನು ನಾನು ಕೆಲವು ಕಾಲದಿಂದ ಓದುತ್ತಿದ್ದೇನೆ. ಕೂದಲಿನ ಕತೆ ಎಂದುಕೊಂಡು ಶುರುಮಾಡಿದ ಈ ಓದು ಯಾರ ದೇಹದಿಂದ ಯಾರಿಗೆ ವಿದ್ಯೆ ಬಂತು ಎಂಬ ಪ್ರಶ್ನೆಯ ಕಡೆಗೆ ನನ್ನನ್ನು ಎಳೆದುಕೊಂಡು ಹೋಯಿತು.

ಮೊದಲ ಸುಳಿವು ಬಹಳ ಹಳೆಯದು. ಗ್ರೀಸಿನ ಹಿಪಾಕ್ರಟೀಸನ ಹೆಸರಿನಲ್ಲಿರುವ ವೈದ್ಯಸೂತ್ರಗಳಲ್ಲಿ ನಪುಂಸಕರ ತಲೆ ಬೋಳಾಗುವುದಿಲ್ಲ ಎಂಬ ಮಾತಿದೆ. ಅರಿಸ್ಟಾಟಲನೂ ಇದನ್ನು ಗಮನಿಸಿದ್ದ. ಹೋರಿಗೆ ಬೀಜ ಒಡೆಸಿದರೆ ಅದರ ಮೈಕಟ್ಟೂ ಸ್ವಭಾವವೂ ಬದಲಾಗುತ್ತದೆ ಎಂದು ನಮ್ಮ ರೈತರಿಗೂ ತಿಳಿದೇ ಇತ್ತು. ಆದರೆ ವೃಷಣಕ್ಕೂ ನೆತ್ತಿಯ ಕೂದಲಿಗೂ ಏನು ಸಂಬಂಧ ಎಂದು ಹೇಳಲು ಎರಡು ಸಾವಿರ ವರ್ಷ ಯಾರಿಗೂ ಆಗಲಿಲ್ಲ.

1942ರಲ್ಲಿ ಅಮೆರಿಕದ ಅಂಗರಚನಾ ಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ ಒಂದು ಪ್ರಬಂಧ ಪ್ರಕಟಿಸಿದ. ನಾನಾ ಕಾರಣಗಳಿಂದ ವೃಷಣ ಕಳೆದುಕೊಂಡ, ಅಥವಾ ಪ್ರಾಯಕ್ಕೆ ಬಾರದೇ ಉಳಿದ ಗಂಡಸರನ್ನು ಅವನು ಪರೀಕ್ಷಿಸಿದ್ದ. ಪ್ರಾಯಕ್ಕೆ ಮೊದಲೇ ವೃಷಣ ಕಳೆದುಕೊಂಡವರ ತಲೆ ಬೋಳಾಗಿರಲಿಲ್ಲ. ಅಂಥವರಿಗೆ ಟೆಸ್ಟೋಸ್ಟರೋನ್ ಕೊಟ್ಟಾಗ ಕೆಲವರ ಕೂದಲು ಉದುರತೊಡಗಿತು. ಎಲ್ಲರದ್ದೂ ಅಲ್ಲ, ಮನೆತನದಲ್ಲಿ ಬೊಕ್ಕತಲೆ ಇದ್ದವರದ್ದು ಮಾತ್ರ. ಅಂದರೆ ಹಾರ್ಮೋನು ಬೇಕು, ವಂಶದ ಗುಣವೂ ಬೇಕು, ಜೊತೆಗೆ ವಯಸ್ಸೂ ಸೇರಬೇಕು. ಬೊಕ್ಕತಲೆಗೆ ಟೋಪಿ, ಎಣ್ಣೆ, ಚಿಂತೆಗಳನ್ನೆಲ್ಲ ದೂರುತ್ತಿದ್ದ ಕಾಲದಲ್ಲಿ ಇದು ದೊಡ್ಡ ತಿರುವು.

ಇದೇ ಹ್ಯಾಮಿಲ್ಟನ್ 1969ರಲ್ಲಿ ಮೆಸ್ಲರ್ ಎಂಬುವರ ಜೊತೆಗೂಡಿ ಇನ್ನೊಂದು ಅಧ್ಯಯನ ಪ್ರಕಟಿಸಿದ. ಕ್ಯಾನ್ಸಸ್ ರಾಜ್ಯದಲ್ಲಿ ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿ ಇಟ್ಟಿದ್ದವರ ಸಂಸ್ಥೆಯೊಂದರಲ್ಲಿ ಅನೇಕ ಗಂಡಸರ ವೃಷಣ ತೆಗೆಯಲಾಗಿತ್ತು. ಅಂಥವರು ಅದೇ ಸಂಸ್ಥೆಯ ಉಳಿದ ಗಂಡಸರಿಗಿಂತ ಸರಾಸರಿ 13 ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು ಎಂದು ಆ ಲೆಕ್ಕ ತೋರಿಸಿತು. ಈ ಅಂಕಿಯನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಅದನ್ನು ಓದುವಾಗ ನನಗೆ ಅಂಕಿಯ ಹಿಂದೆ ಮಲಗಿಸಿದ್ದ ಮೇಜೇ ಕಾಣುತ್ತದೆ. ಆ ಶಸ್ತ್ರಕ್ರಿಯೆ ಅವರಿಗೆ ಬೇಕೇ ಎಂದು ಯಾರೂ ಕೇಳಿರಲಿಲ್ಲ. ‘ಯೋಗ್ಯ’ ಸಂತಾನವಷ್ಟೇ ಹುಟ್ಟಬೇಕೆಂಬ ಕಾನೂನುಗಳು ಅಮೆರಿಕದ ಅನೇಕ ರಾಜ್ಯಗಳಲ್ಲಿದ್ದ ಕಾಲ ಅದು.

ಹ್ಯಾಮಿಲ್ಟನ್ ಒಂದು ಗಂಟು ಬಿಡಿಸಿದ, ಇನ್ನೊಂದು ಉಳಿಯಿತು. ಗಡ್ಡ ಮೀಸೆ ಬೆಳೆಸುವ ಹಾರ್ಮೋನೇ ನೆತ್ತಿಯ ಕೂದಲನ್ನು ಯಾಕೆ ಕೆಡಿಸುತ್ತದೆ? ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಇದಕ್ಕೆ ಅರ್ಧ ಉತ್ತರ ಕೊಟ್ಟ. ತಲೆಯ ಹಿಂಭಾಗದ ಕೂದಲನ್ನು ಬೋಳಾದ ಜಾಗಕ್ಕೆ ನೆಟ್ಟರೆ ಅದು ಅಲ್ಲೂ ಬೆಳೆಯುತ್ತದೆ, ತನ್ನ ಮೂಲದ ಗುಣ ಬಿಡುವುದಿಲ್ಲ. ದೋಷ ನೆಲದ್ದಲ್ಲ, ಬೇರಿನದು. ಹಾಗಾದರೆ ಆ ಬೇರಿನೊಳಗೆ ನಡೆಯುವುದೇನು?

ಇದರ ಉತ್ತರ ಬಂದದ್ದು ಕೂದಲಿನ ವೈದ್ಯರಿಂದಲ್ಲ, ಕೆರಿಬಿಯನ್ ಸಮುದ್ರದ ಒಂದು ಹಳ್ಳಿಯಿಂದ. ಡೊಮಿನಿಕನ್ ಗಣರಾಜ್ಯದ ನೈರುತ್ಯದಲ್ಲಿ ಸಲಿನಾಸ್ ಎಂಬ ಊರಿದೆ. ಅಲ್ಲಿ ಹೆಣ್ಣೆಂದು ತಿಳಿದು ಬೆಳೆಸಿದ ಕೆಲವು ಮಕ್ಕಳು ಪ್ರಾಯಕ್ಕೆ ಬಂದಾಗ ದನಿ ಒಡೆದು, ಮೈಕಟ್ಟು ಗಟ್ಟಿಯಾಗಿ, ಗಂಡಿನ ಅಂಗ ಬೆಳೆದು ಗಂಡಾಗುತ್ತಿದ್ದರು. ಊರಿನವರು ಅವರನ್ನು ‘ಗ್ವೆವೆದೋಸೆ’ ಎನ್ನುತ್ತಿದ್ದರು. ‘ಹನ್ನೆರಡಕ್ಕೆ ಬೀಜ’ ಎಂದು ಅದರ ಅರ್ಥ. ಹೆಸರೇನೋ ಇತ್ತು, ಹಾಗೆಂದು ಗೇಲಿ ಇರಲಿಲ್ಲವೆಂದಲ್ಲ.

ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಈ ಊರಿಗೆ ಹೋದರು. ಡೊಮಿನಿಕನ್ ವೈದ್ಯ ತಿಯೋಫಿಲೊ ಗೌತಿಯೆ ಮತ್ತಿತರರ ಜೊತೆ ಅವರು ಬರೆದ ಪ್ರಬಂಧ 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಈ ಮಕ್ಕಳಿಗೆ ವೃಷಣವಿತ್ತು, ಟೆಸ್ಟೋಸ್ಟರೋನ್ ಕೂಡ ಬೇಕಾದಷ್ಟಿತ್ತು. ಇಲ್ಲದ್ದು ಒಂದೇ: ಟೆಸ್ಟೋಸ್ಟರೋನನ್ನು ಡೈಹೈಡ್ರೋಟೆಸ್ಟೋಸ್ಟರೋನ್ ಎಂಬ ಇನ್ನೂ ಪ್ರಬಲವಾದ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವದ ಕೆಲಸ. ತಾಯಿಯ ಹೊಟ್ಟೆಯಲ್ಲಿರುವಾಗ ಗಂಡುಮಗುವಿನ ಹೊರಗಿನ ಅಂಗ ರೂಪುಗೊಳ್ಳಲು ಆ ಎರಡನೆಯ ಹಾರ್ಮೋನೇ ಬೇಕು. ಅದು ಸಿಗದೆ ಮಗು ಹೆಣ್ಣಿನಂತೆ ಕಾಣುತ್ತಾ ಹುಟ್ಟುತ್ತದೆ. ಪ್ರಾಯದಲ್ಲಿ ಟೆಸ್ಟೋಸ್ಟರೋನ್ ಉಕ್ಕಿ ಬಂದಾಗ ಉಳಿದಿದ್ದ ಕೆಲಸದಲ್ಲಿ ಬಹುಪಾಲು ನಡೆದುಹೋಗುತ್ತದೆ.

ದೊಡ್ಡವರಾದ ಮೇಲೆ ಇವರ ಮೈಯಲ್ಲಿ ಇನ್ನೂ ಕೆಲವು ಸಂಗತಿಗಳು ಕಂಡವು. ಗಡ್ಡ ವಿರಳ, ಮೊಡವೆಯಿಲ್ಲ, ಪ್ರಾಸ್ಟೇಟ್ ಗ್ರಂಥಿ ಚಿಕ್ಕದು. ಹಣೆಯ ಮೇಲಿನ ಕೂದಲು ಹಿಂದೆ ಸರಿಯುತ್ತಿರಲಿಲ್ಲ. ಹ್ಯಾಮಿಲ್ಟನ್ ಉಳಿಸಿದ್ದ ಗಂಟು ಇಲ್ಲಿ ಸಡಿಲವಾಯಿತು. ನೆತ್ತಿಯ ಕೂದಲಿನ ಬೇರನ್ನು ಸುತ್ತು ಸುತ್ತಿಗೂ ಸಣ್ಣದಾಗಿಸುವುದರಲ್ಲಿ ಮುಖ್ಯ ಪಾತ್ರ ಆ ಎರಡನೆಯ ಹಾರ್ಮೋನಿನದು.

ಅಮೆರಿಕದ ಔಷಧ ಕಂಪನಿ ಮರ್ಕ್‌ನ ಸಂಶೋಧನೆಯ ಹೊಣೆ ಹೊತ್ತಿದ್ದ ರಾಯ್ ವಾಗೆಲೋಸ್ ಈ ವರದಿಯಲ್ಲಿ ಬೇರೊಂದನ್ನು ಕಂಡ. ಹುಟ್ಟಿನಿಂದ ಈ ಕಿಣ್ವ ಇಲ್ಲದವರು ಆರೋಗ್ಯವಾಗಿ ಬದುಕುತ್ತಾರೆ, ಅವರ ಪ್ರಾಸ್ಟೇಟ್ ಊದುವುದಿಲ್ಲ. ಹಾಗಿದ್ದರೆ ವಯಸ್ಸಾದ ಗಂಡಸರಲ್ಲಿ ಈ ಕಿಣ್ವವನ್ನು ತಡೆದರೆ? ಹಾಗೆ ಹುಟ್ಟಿದ್ದು ಫಿನಾಸ್ಟರೈಡ್. 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಂ ಮಾತ್ರೆಯಾಗಿ, 1997ರಲ್ಲಿ ಬೊಕ್ಕತಲೆಗೆ 1 ಮಿಲಿಗ್ರಾಂ ಮಾತ್ರೆಯಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ಲೋಕವೆಲ್ಲ ನುಂಗುವ ಮಾತ್ರೆ ಅದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಕ್ಯಾನ್ಸಸ್‌ನಲ್ಲಿ ನಡೆದದ್ದೂ ಸಲಿನಾಸ್‌ನಲ್ಲಿ ನಡೆದದ್ದೂ ಒಂದೇ ಅಲ್ಲ. ಅಲ್ಲಿ ದೇಹವನ್ನು ಕತ್ತರಿಸಿದರು, ಇಲ್ಲಿ ಹುಟ್ಟಿನಿಂದ ಹಾಗಿದ್ದುದನ್ನು ಅರ್ಥಮಾಡಿಕೊಳ್ಳಲು ಹೊರಟರು. ಆದರೂ ಎರಡು ಕಡೆಯೂ ಒಂದು ಸಾಮ್ಯ ನನ್ನನ್ನು ಕಾಡುತ್ತದೆ. ತಿಳಿವಳಿಕೆ ಬಂದದ್ದು ದನಿಯಿಲ್ಲದವರ ಮೈಯಿಂದ, ಅದು ಸೇರಿದ್ದು ಹಣವಿರುವವರ ತಲೆಗೆ.

ಅವರ ದನಿ ಕೇಳಲೇ ಇಲ್ಲ ಎಂದೂ ಅಲ್ಲ. 1979ರಲ್ಲಿ ಇದೇ ತಂಡ ಇನ್ನೊಂದು ಪ್ರಬಂಧ ಬರೆಯಿತು. ಇಂಥ 38 ಜನರಲ್ಲಿ 18 ಮಂದಿಯನ್ನು ಯಾವ ಅನುಮಾನವೂ ಇಲ್ಲದೆ ಹೆಣ್ಣುಮಕ್ಕಳಾಗಿ ಬೆಳೆಸಿದ್ದರು. ಅವರಲ್ಲಿ 17 ಮಂದಿ ಪ್ರಾಯ ಬಂದಾಗ ಅಥವಾ ಅದರ ನಂತರ ತಮ್ಮನ್ನು ಗಂಡೆಂದೇ ಕಂಡುಕೊಂಡರು. ಬೆಳೆಸಿದಂತೆ ಮನಸ್ಸು ಎಂದು ನಂಬಿದ್ದವರಿಗೆ ಇದೊಂದು ಪೆಟ್ಟು. ಆದರೆ ಗಂಡಾಗುವುದರಿಂದ ಹೆಚ್ಚು ಸ್ವಾತಂತ್ರ್ಯ ಸಿಗುವ ಸಮಾಜದಲ್ಲಿ ಆ ಆಯ್ಕೆಯನ್ನು ಬರೀ ಹಾರ್ಮೋನಿನ ಲೆಕ್ಕಕ್ಕೆ ಬರೆಯುವುದು ಸರಿಯೇ? ಮಾನವಶಾಸ್ತ್ರಜ್ಞ ಗಿಲ್ಬರ್ಟ್ ಹರ್ಡ್ಟ್ 1990ರಲ್ಲಿ ಇನ್ನೊಂದು ಆಕ್ಷೇಪ ಎತ್ತಿದ. ಊರಿನವರು ಅವರಿಗೆ ಬೇರೆಯದೇ ಹೆಸರಿಟ್ಟಿದ್ದಾರೆ ಎಂದರೆ ಅಲ್ಲಿ ಮೂರನೆಯದೊಂದು ಜಾಗವೇ ಇತ್ತಲ್ಲ ಎಂಬುದು ಅವನ ವಾದ. ಹಳ್ಳಿಗೆ ಗೊತ್ತಿದ್ದ ಮೂರನ್ನು ಪ್ರಯೋಗಾಲಯ ಎರಡಕ್ಕೆ ಇಳಿಸಿತೇ? ನನಗೆ ಈ ಪ್ರಶ್ನೆ ತೀರಾ ತಳ್ಳಿಹಾಕುವಂಥದ್ದಾಗಿ ಕಾಣುವುದಿಲ್ಲ.

ಮಾತ್ರೆಯ ಕತೆಯೂ ಸುಖಾಂತವಾಗಿ ಮುಗಿದಿಲ್ಲ. ಔಷಧ ನಿಲ್ಲಿಸಿದ ಮೇಲೂ ಲೈಂಗಿಕ ತೊಂದರೆ ಉಳಿಯಿತೆಂದು ಕೆಲವರು ದೂರಿದರು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಂಥ ವರದಿಗಳನ್ನು ಮಾತ್ರೆಯ ಮಾಹಿತಿಯಲ್ಲಿ ಸೇರಿಸಿತು. ಹುಟ್ಟಿನಿಂದ ಕಿಣ್ವ ಇಲ್ಲದೆ ಬದುಕುವುದು ಒಂದು, ಬೆಳೆದ ಮೈಯಲ್ಲಿ ಅದನ್ನು ತಡೆಯುವುದು ಇನ್ನೊಂದು. ಹಳ್ಳಿಯ ಜನ ಆರೋಗ್ಯವಾಗಿದ್ದರು ಎಂಬುದರಿಂದ ಮಾತ್ರೆ ನುಂಗಿದವರೆಲ್ಲ ಹಾಗೇ ಇರುತ್ತಾರೆ ಎಂದು ಹೇಳಲು ಬರುವುದಿಲ್ಲ.

ಈ ಮಾತ್ರೆಯ ಜೊತೆ ಬರುವ ಚೀಟಿಯಲ್ಲಿ ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಬಾರದು ಎಂಬ ಎಚ್ಚರಿಕೆ ಇರುತ್ತದೆ. ಹೊಟ್ಟೆಯಲ್ಲಿ ಗಂಡುಮಗುವಿದ್ದರೆ ಅದರ ಅಂಗ ರೂಪುಗೊಳ್ಳುವುದರಲ್ಲಿ ದೋಷವಾಗಬಹುದು ಎಂಬುದು ಕಾರಣ. ಚೀಟಿಯಲ್ಲಿ ಸಲಿನಾಸ್‌ನ ಹೆಸರಿಲ್ಲ. ಆದರೆ ಆ ಒಂದು ಸಾಲಿನಲ್ಲಿರುವುದು ಆ ಊರಿನ ಮಕ್ಕಳೇ. ಚೀಟಿಯನ್ನು ಓದದೆ ಮಡಚಿ ಎಸೆಯುವ ನಮಗೆ ಇಷ್ಟಾದರೂ ತಿಳಿದಿರಲಿ ಎಂದು ಇದನ್ನು ಬರೆದೆ.